ಹಿಂದಿನ ಗಾಲಿಗೊಂದು ಒಳ್ಳೆಯ ಸಸ್ಪೆನ್ಷನ್: ಹದಿನಾಲ್ಕು ಸೂತ್ರಗಳು

ವಿಜಯಪುರ ಜಿಲ್ಲೆಗೆ ಸೈಕಲ್ ಹೊಸದಲ್ಲ. ಜಾತ್ರೆ, ಕಾರಹುಣ್ಣಿಮೆ ಬಂತೆಂದರೆ ಈ ಭಾಗದ ಊರುಗಳಲ್ಲಿ ಸೈಕಲ್ ಸ್ಪರ್ಧೆ ಏರ್ಪಡುತ್ತದೆ. ವಿಜಯಪುರದಲ್ಲಿ ಸರ್ಕಾರದ ಸೈಕ್ಲಿಂಗ್ ಕ್ರೀಡಾ ವಸತಿನಿಲಯವಿದೆ, ವೆಲೊಡ್ರೋಮ್ ಕೆಲಸ ವರ್ಷಗಟ್ಟಲೆ ಸುದ್ದಿಯಲ್ಲಿತ್ತು. ರಾಷ್ಟ್ರಮಟ್ಟದ ಪದಕಗಳನ್ನು ಈ ನೆಲದ ಹುಡುಗ ಹುಡುಗಿಯರು ಗೆದ್ದು ತಂದಿದ್ದಾರೆ. ತುಳಿಯುವವರಿಗೆ ನಮ್ಮಲ್ಲಿ ಕೊರತೆಯಿಲ್ಲ, ಸೈಕಲ್ ವಿನ್ಯಾಸ ಮಾಡುವವರು ಮಾತ್ರ ತೀರ ಕಡಿಮೆ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಐಟಿಐ, ಡಿಪ್ಲೊಮಾ, ಎಂಜಿನಿಯರಿಂಗ್ ವಿದ್ಯಾರ್ಥಿಗಳು ಪ್ರತಿ ವರ್ಷ ಪ್ರಾಜೆಕ್ಟಿಗೆ ವಿಷಯ ಹುಡುಕುತ್ತಾರೆ. ಅವರಿಗೆ ನಾನು ಸೂಚಿಸುವ ವಿಷಯ ಒಂದೇ: ಮೌಂಟೇನ್ ಬೈಕಿನ ಹಿಂದಿನ ಸಸ್ಪೆನ್ಷನ್. ಇದರಲ್ಲಿ ರೇಖಾಗಣಿತವಿದೆ, ಬಲದ ಲೆಕ್ಕವಿದೆ, ಲೇಥ್ ಕೆಲಸವಿದೆ, ಬೆಸುಗೆಯಿದೆ. ಕೊನೆಗೆ ಹತ್ತಿ ಓಡಿಸಿ ನೋಡುವ ಸಂತೋಷವೂ ಇದೆ. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ‘ಡಬಲ್ ಶಾಕ್’ ಸೈಕಲ್ ತುಳಿದವರಿಗೆ ಗೊತ್ತು, ಏರಿನಲ್ಲಿ ಅರ್ಧ ಶಕ್ತಿ ಸ್ಪ್ರಿಂಗ್ ಕುಣಿಸುವುದಕ್ಕೇ ಹೋದಂತೆ ಅನಿಸುತ್ತದೆ. ಆ ಕುಣಿತ ಸ್ಪ್ರಿಂಗಿನ ತಪ್ಪಲ್ಲ. ಹಿಂದಿನ ಗಾಲಿ ಹಿಡಿದ ಸ್ವಿಂಗ್ ಆರ್ಮ್ ಫ್ರೇಮಿಗೆ ಕೂಡುವ ಕೀಲು, ಅಂದರೆ ಪಿವಟ್, ಎಲ್ಲಿ ಕೂತಿದೆ ಎಂಬುದರ ತಪ್ಪು. ಒಳ್ಳೆಯ ಸಸ್ಪೆನ್ಷನ್ ದುಡ್ಡಿನಿಂದ ಆಗುವುದಕ್ಕಿಂತ ಹೆಚ್ಚಾಗಿ ಅಳತೆಯಿಂದ ಆಗುತ್ತದೆ.

1. ಮೊದಲು ದಾರಿ ಅಳೆಯಿರಿ

ಕಂಪ್ಯೂಟರ್ ತೆರೆಯುವ ಮುನ್ನ ಟೇಪು ಹಿಡಿದು ಹೊರಗೆ ಹೋಗಿ. ಇಂಡಿ, ಸಿಂದಗಿಯ ಎರೆಹೊಲಗಳ ನಡುವಿನ ಚಕ್ಕಡಿ ದಾರಿ, ಡೋಣಿ ನದಿ ದಂಡೆಯ ಕಪ್ಪು ನೆಲ, ಬಾಗೇವಾಡಿ ಕಡೆಯ ಗರಸು ರಸ್ತೆ, ಮುದ್ದೇಬಿಹಾಳ ಸೀಮೆಯ ಕಲ್ಲುಬಂಡೆ ಎದ್ದ ಕೃಷ್ಣಾ ತೀರ. ನಾಲ್ಕೂ ಬೇರೆ ಬೇರೆ ನೆಲ. ಗುಂಡಿ ಎಷ್ಟು ಆಳ, ಕಲ್ಲು ಎಷ್ಟು ಎತ್ತರ, ಒಂದು ಉಬ್ಬಿನಿಂದ ಇನ್ನೊಂದಕ್ಕೆ ಎಷ್ಟು ದೂರ ಎಂದು ಐವತ್ತು ಕಡೆ ಅಳೆದು ಪಟ್ಟಿ ಮಾಡಿ.

ಆಲ್ಪ್ಸ್ ಪರ್ವತದ ಇಳಿಜಾರಿಗೆಂದು ಮಾಡಿದ ಡೌನ್‌ಹಿಲ್ ಸೈಕಲ್ಲುಗಳಲ್ಲಿ ಹಿಂದಿನ ಗಾಲಿ 200 ಮಿ.ಮೀ. ಆಸುಪಾಸು ಮೇಲೆ ಕೆಳಗೆ ಆಡುತ್ತದೆ. ನಮ್ಮದು ದಖ್ಖನ್ನಿನ ಬಯಲು. ಇಲ್ಲಿ ದಿನ್ನೆ, ಒಡ್ಡು, ಹಳ್ಳದ ಇಳಿತ ಬಿಟ್ಟರೆ ದೊಡ್ಡ ಧುಮುಕುಗಳಿಲ್ಲ. ದಿನವಿಡೀ ತುಳಿಯುವುದೇ ಹೆಚ್ಚು. 100 ಮಿ.ಮೀ. ಸಾಕು, 120 ಆದರೆ ಧಾರಾಳವಾಯಿತು. ಅದಕ್ಕಿಂತ ಹೆಚ್ಚು ಕೊಟ್ಟರೆ ಬರೀ ತೂಕ ಹೊತ್ತಂತೆ.

2. ಒಬ್ಬ ಸವಾರನನ್ನು ಆರಿಸಿಕೊಳ್ಳಿ

‘ಎಲ್ಲರಿಗೂ’ ಎಂದು ಹೊರಟ ವಿನ್ಯಾಸ ಯಾರಿಗೂ ಒಗ್ಗುವುದಿಲ್ಲ. ತಂಡದಲ್ಲಿರುವ ಒಬ್ಬರ ತೂಕ, ಎತ್ತರ, ಕಾಲಿನ ಉದ್ದ ಬರೆದಿಟ್ಟುಕೊಂಡು ಅವರಿಗೇ ಮಾಡಿ. ಬೇರೆಯವರಿಗೆ ಹೊಂದಿಸುವ ಕೆಲಸ ಆಮೇಲೆ ಸ್ಪ್ರಿಂಗ್ ಬದಲಿಸಿದರೆ ಬಹುಪಾಲು ಮುಗಿಯುತ್ತದೆ.

3. ಅಡತಿ ಅಂಗಡಿಯ ಕಾಟಾ ನಿಮ್ಮ ಮೊದಲ ಉಪಕರಣ

ಕಾಳಿನ ಚೀಲ ತೂಗುವ ಎಲೆಕ್ಟ್ರಾನಿಕ್ ಪ್ಲಾಟ್‌ಫಾರ್ಮ್ ಕಾಟಾ ನಮ್ಮ ತಾಲ್ಲೂಕುಗಳಲ್ಲಿ ಎಲ್ಲಿ ಬೇಕಾದರೂ ಸಿಗುತ್ತದೆ. ಸೈಕಲ್ಲಿನ ಹಿಂದಿನ ಗಾಲಿಯನ್ನು ಕಾಟಾದ ಮೇಲಿಡಿ. ಮುಂದಿನ ಗಾಲಿಯ ಕೆಳಗೆ ಇಟ್ಟಿಗೆ ಜೋಡಿಸಿ ಎರಡನ್ನೂ ಒಂದೇ ಮಟ್ಟಕ್ಕೆ ತನ್ನಿ. ಸವಾರ ಸೀಟಿನ ಮೇಲೆ ಕೂತು ಹ್ಯಾಂಡಲ್ ಹಿಡಿಯಲಿ, ಪಕ್ಕದಲ್ಲಿ ಒಬ್ಬರು ಬೆರಳ ತುದಿಯಲ್ಲಿ ಆಧಾರ ಕೊಡಲಿ. ಕಾಟಾ ತೋರಿಸುವುದೇ ಹಿಂದಿನ ಗಾಲಿಯ ಮೇಲಿನ ಭಾರ.

ಒಂದು ಉದಾಹರಣೆ. 62 ಕೆ.ಜಿ. ಸವಾರ, 15 ಕೆ.ಜಿ. ಸೈಕಲ್. ಒಟ್ಟು 77ರಲ್ಲಿ ಹಿಂದಿನ ಗಾಲಿ 49 ತೋರಿಸಿತು ಎನ್ನಿ. ಇದರಲ್ಲಿ ಗಾಲಿ ಮತ್ತು ಸ್ವಿಂಗ್ ಆರ್ಮಿನ ಸ್ವಂತ ತೂಕವನ್ನು ಕಳೆಯಬೇಕು, ಏಕೆಂದರೆ ಅದನ್ನು ಸ್ಪ್ರಿಂಗ್ ಹೊರುವುದಿಲ್ಲ, ನೆಲ ಹೊರುತ್ತದೆ. 4 ಕೆ.ಜಿ. ಕಳೆದರೆ 45. ಮುಂದಿನ ಲೆಕ್ಕವೆಲ್ಲ ಈ 45ರ ಮೇಲೆ ನಿಲ್ಲುತ್ತದೆ. ಮುಂದಿನ ಗಾಲಿಯನ್ನು ಒಂದಿಷ್ಟು ಎತ್ತರಿಸಿ ಮತ್ತೆ ತೂಗಿದರೆ ಭಾರಕೇಂದ್ರದ ಎತ್ತರವನ್ನೂ ಲೆಕ್ಕ ಹಾಕಬಹುದು. ಸವಾರ ಕೂತಾಗ ಅದು ನೆಲದಿಂದ 1100 ಮಿ.ಮೀ. ಆಚೀಚೆ ಇರುತ್ತದೆ.

4. ಒಂದೇ ಪಿವಟ್ ಸಾಕು

ಇಂಟರ್ನೆಟ್ಟಿನಲ್ಲಿ ಚಿತ್ರ ನೋಡಿ ಮರುಳಾಗಬೇಡಿ. ಹಿಂದಿನ ಸಸ್ಪೆನ್ಷನ್ನಿನ ಚರಿತ್ರೆ ಎಂದರೆ ಜಾಣರು ಒಬ್ಬರ ಮೇಲೊಬ್ಬರು ಕೊಂಡಿ ಸೇರಿಸುತ್ತ ಹೋದ ಚರಿತ್ರೆ. ಅಮೆರಿಕದ ಮೋಟಾರ್ ಸೈಕಲ್ ಓಟಗಾರ ಮರ್ಟ್ ಲಾವಿಲ್ 1990ರ ದಶಕದ ಆರಂಭದಲ್ಲಿ ಗ್ಯಾರಿ ಫಿಶರ್ ಕಂಪನಿಗೆ ನಾಲ್ಕು ಕೊಂಡಿಯ ವಿನ್ಯಾಸ ಮಾಡಿಕೊಟ್ಟರು. ಹೋರ್ಸ್ಟ್ ಲೈಟ್ನರ್ ಹಿಂದಿನ ಆಕ್ಸೆಲಿನ ಮುಂದೆ ಒಂದು ಪಿವಟ್ ಇಟ್ಟರು. ಅದರ ಪೇಟೆಂಟನ್ನು 1998ರಲ್ಲಿ ಸ್ಪೆಷಲೈಸ್ಡ್ ಕಂಪನಿ ಕೊಂಡಿತು. ಔಟ್‌ಲ್ಯಾಂಡ್ ಕಂಪನಿಯ ಎರಡು ಗಿಡ್ಡ ಕೊಂಡಿಗಳ ವಿಪಿಪಿ ವಿನ್ಯಾಸ ಸಾಂತಾ ಕ್ರೂಸ್ ಕೈಗೆ ಹೋಯಿತು. ಡೇವ್ ವೀಗಲ್ ಅವರ ಡಿಡಬ್ಲ್ಯು ಲಿಂಕ್ ಆಮೇಲಿನದು.

ಎಲ್ಲವೂ ಒಳ್ಳೆಯವೇ. ಆದರೆ ಇಂಗ್ಲೆಂಡಿನ ಆರೆಂಜ್ ಕಂಪನಿ ದಶಕಗಳ ಕಾಲ ಕೆಸರು ಮಳೆಯ ನಾಡಿನಲ್ಲಿ ಒಂದೇ ಪಿವಟ್ಟಿನ ಸೈಕಲ್ ಮಾಡಿ ಹೆಸರು ಗಳಿಸಿತು. ಪಿವಟ್ ಒಂದಾದರೆ ಸಡಿಲಾಗುವ ಜಾಗ ಒಂದು, ಮಣ್ಣು ತಿನ್ನುವ ಬೇರಿಂಗು ಎರಡು, ವರ್ಕ್‌ಶಾಪಿನಲ್ಲಿ ಕೈ ತಪ್ಪುವ ಅಳತೆಗಳು ಕಡಿಮೆ. ಮೋಟಾರ್ ಸೈಕಲ್ಲಿನ ಸ್ವಿಂಗ್ ಆರ್ಮ್ ಬಿಚ್ಚಿ ಬುಶ್ ಹಾಕುವ ಮೆಕ್ಯಾನಿಕ್ ನಮ್ಮ ಪ್ರತಿ ಊರಿನಲ್ಲಿದ್ದಾನೆ. ಅವನಿಗೆ ಅರ್ಥವಾಗುವ ವಿನ್ಯಾಸ ಹತ್ತು ವರ್ಷ ಬಾಳುತ್ತದೆ. ಮೊದಲ ಪ್ರಯತ್ನಕ್ಕೆ ಒಂದು ಪಿವಟ್ ಎನ್ನುವುದು ನನ್ನ ಖಚಿತ ಅಭಿಪ್ರಾಯ. ಎರಡನೆಯ ವರ್ಷ ಲೈಟ್ನರ್ ಪದ್ಧತಿ ಹಿಡಿಯಬಯಸುವವರಿಗೂ ಅಡ್ಡಿಯಿಲ್ಲ, ಆ ಪೇಟೆಂಟಿನ ಅವಧಿ ಮುಗಿದು ದಶಕವೇ ಕಳೆದಿದೆ.

5. ಪಿವಟ್ಟಿನ ಜಾಗ ಗೆದ್ದರೆ ಮುಕ್ಕಾಲು ಗೆದ್ದಂತೆ

ಈ ಸೂತ್ರಕ್ಕೆ ಒಂದು ವಾರ ಕೊಡಿ. ಪೆಡಲ್ ಒತ್ತಿದಾಗ ಸೈಕಲ್ ಮುಂದಕ್ಕೆ ಚಿಮ್ಮುತ್ತದೆ, ಸವಾರನ ಭಾರ ಹಿಂದಕ್ಕೆ ವಾಲುತ್ತದೆ, ಹಿಂದಿನ ಸ್ಪ್ರಿಂಗ್ ಕುಸಿಯುತ್ತದೆ. ಕಾಲು ಸಡಿಲಿಸಿದರೆ ಮೇಲೇಳುತ್ತದೆ. ನಿಮಿಷಕ್ಕೆ 80 ಸುತ್ತು ತುಳಿದರೆ ಎರಡೂ ಕಾಲು ಸೇರಿ 160 ಸಲ ಈ ಕುಸಿತ ನಡೆಯುತ್ತದೆ. ಇದನ್ನು ತಡೆಯುವ ಬಲ ಚೈನಿನಲ್ಲೇ ಇದೆ. ಪಿವಟ್ ಸರಿಯಾದ ಎತ್ತರದಲ್ಲಿದ್ದರೆ ಚೈನಿನ ಎಳೆತ ಮತ್ತು ಗಾಲಿಯ ತಳ್ಳು ಸೇರಿ ಸ್ವಿಂಗ್ ಆರ್ಮನ್ನು ಕೆಳಕ್ಕೆ ಒತ್ತಿ ಹಿಡಿಯುತ್ತವೆ, ಕುಸಿತ ನಿಲ್ಲುತ್ತದೆ. ಈ ತಡೆಗೆ ಆ್ಯಂಟಿ ಸ್ಕ್ವಾಟ್ ಎನ್ನುತ್ತಾರೆ, ಶೇಕಡಾವಾರು ಹೇಳುತ್ತಾರೆ. 100 ಎಂದರೆ ವಾಲಿದ ಭಾರವೂ ತಡೆಯುವ ಬಲವೂ ಸಮಸಮ.

ಅದನ್ನು ಕಂಡುಹಿಡಿಯಲು ಒಂದು ಡ್ರಾಯಿಂಗ್ ಶೀಟು, ಉದ್ದದ ಅಡಿಕೋಲು ಸಾಕು. ಹಿಂದಿನ ಆಕ್ಸೆಲಿನಿಂದ ಪಿವಟ್ಟಿಗೆ ಒಂದು ಗೆರೆ ಎಳೆಯಿರಿ. ಚೈನಿನ ಮೇಲಿನ ಎಳೆಯ ಗುಂಟ ಇನ್ನೊಂದು ಗೆರೆ. ಎರಡೂ ಕೂಡುವ ಬಿಂದುವನ್ನು ಗುರುತಿಸಿ. ಹಿಂದಿನ ಟೈರು ನೆಲ ಮುಟ್ಟುವ ಜಾಗದಿಂದ ಆ ಬಿಂದುವಿನ ಮೂಲಕ ಮೂರನೆಯ ಗೆರೆ ಎಳೆದು, ಮುಂದಿನ ಆಕ್ಸೆಲಿನ ನೇರ ಮೇಲೆ ಅದು ಎಷ್ಟು ಎತ್ತರಕ್ಕೆ ಬರುತ್ತದೆ ನೋಡಿ. ಆ ಎತ್ತರವನ್ನು ಭಾರಕೇಂದ್ರದ ಎತ್ತರದಿಂದ ಭಾಗಿಸಿ.

ಅಂಕಿ ಹಾಕಿಯೇ ನೋಡೋಣ. 29 ಇಂಚಿನ ಗಾಲಿ, ಪೆಡಲ್ ಆಕ್ಸೆಲ್ ನೆಲದಿಂದ 330 ಮಿ.ಮೀ. ಎತ್ತರ, ಹಿಂದಿನ ಆಕ್ಸೆಲ್ ಅದರಿಂದ 435 ಮಿ.ಮೀ. ಹಿಂದೆ, ಎರಡೂ ಗಾಲಿಗಳ ನಡುವೆ 1150 ಮಿ.ಮೀ. ಮುಂದಿನ ಚೈನ್‌ರಿಂಗಿಗೆ 32 ಹಲ್ಲು, ಅಂದರೆ ಅದರ ತ್ರಿಜ್ಯ ಸುಮಾರು 65 ಮಿ.ಮೀ. ಪಿವಟ್ಟನ್ನು ಪೆಡಲ್ ಆಕ್ಸೆಲಿನ ನೇರ ಮೇಲೆ, ಚೈನ್‌ರಿಂಗಿನ ಮೇಲಂಚಿಗೆ ಸಮವಾಗಿ ಇಡಿ. ನೆಲದಿಂದ 395 ಮಿ.ಮೀ. ಆಯಿತು. ಮೂರನೆಯ ಗೆರೆ ಮುಂದಿನ ಆಕ್ಸೆಲಿನ ಮೇಲೆ 1044 ಮಿ.ಮೀ. ಎತ್ತರಕ್ಕೆ ಬರುತ್ತದೆ. ಭಾರಕೇಂದ್ರ 1100 ಇದ್ದರೆ ಶೇ 95. ತುಂಬಾ ಒಳ್ಳೆಯ ಜಾಗ.

ಇದರಲ್ಲಿ ಇನ್ನೊಂದು ಲಾಭವಿದೆ. ಪಿವಟ್ ಚೈನಿನ ಎಳೆಯ ಮೇಲೇ ಕೂತಿರುವುದರಿಂದ ಹಿಂದೆ ಯಾವ ಗೇರಿನಲ್ಲಿದ್ದರೂ ಎರಡು ಗೆರೆಗಳು ಹೆಚ್ಚುಕಡಿಮೆ ಅಲ್ಲೇ ಕೂಡುತ್ತವೆ. ಏರಿನ ಗೇರಿನಲ್ಲೂ ಬಯಲಿನ ಗೇರಿನಲ್ಲೂ ಸೈಕಲ್ಲಿನ ನಡತೆ ಒಂದೇ ತೆರನಾಗಿರುತ್ತದೆ. ಪಿವಟ್ಟನ್ನು ಇದಕ್ಕಿಂತ ಬಹಳ ಕೆಳಗಿಟ್ಟರೆ ಸೈಕಲ್ ಕುಣಿಯುತ್ತದೆ. ಬಹಳ ಮೇಲಿಟ್ಟರೆ ಒತ್ತಿದಾಗೆಲ್ಲ ಹಿಂಬದಿ ಮೇಲೇಳುತ್ತದೆ, ಮುಂದಿನ ಸೂತ್ರದ ತೊಂದರೆಯೂ ಗಂಟುಬೀಳುತ್ತದೆ. ಸವಾರ ಕೂತು ಸ್ಪ್ರಿಂಗ್ ತುಸು ಇಳಿದ ಮೇಲಿನ ಸ್ಥಿತಿಯಲ್ಲೂ ಇದೇ ಲೆಕ್ಕ ಮತ್ತೊಮ್ಮೆ ಮಾಡಿ. ಸೈಕಲ್ ಓಡುವುದು ಆ ಸ್ಥಿತಿಯಲ್ಲಿ.

6. ಚೈನ್ ಎಷ್ಟು ಹಿಗ್ಗಬೇಕಾಗುತ್ತದೆ ನೋಡಿ

ಗಾಲಿ ಮೇಲೆ ಬಂದಾಗ ಆಕ್ಸೆಲ್ ಪೆಡಲಿನಿಂದ ದೂರ ಸರಿದರೆ ಚೈನ್ ಬಿಗಿಯಾಗಿ ಪೆಡಲನ್ನು ಹಿಂದಕ್ಕೆ ಎಳೆಯುತ್ತದೆ. ಕಲ್ಲಿನ ದಾರಿಯಲ್ಲಿ ಪಾದಕ್ಕೆ ಬಡಿದ ಹಾಗಾಗುವುದು ಇದರಿಂದಲೇ. ಶಾಕ್ ಬಿಚ್ಚಿ, ಹಿಂದಿನ ಗಾಲಿ ತಿರುಗದಂತೆ ಕಟ್ಟಿ, ಸ್ವಿಂಗ್ ಆರ್ಮನ್ನು ಕೈಯಿಂದ ಪೂರ್ತಿ ಮೇಲೆತ್ತಿ. ಕ್ರ್ಯಾಂಕ್ ಎಷ್ಟು ಹಿಂದಕ್ಕೆ ತಿರುಗಿತು ಎಂದು ಕೋನಮಾಪಕ ಹಿಡಿದು ಬರೆದುಕೊಳ್ಳಿ. ಅತಿ ಹಗುರ ಗೇರಿನಲ್ಲಿ, ಅಂದರೆ ಹಿಂದಿನ ದೊಡ್ಡ ಹಲ್ಲುಚಕ್ರದ ಮೇಲೆ ಚೈನ್ ಇದ್ದಾಗ ಇದು ಹೆಚ್ಚು. ಚೈನಿನ ಉದ್ದವನ್ನು ಕತ್ತರಿಸುವಾಗಲೂ ಗಾಲಿ ಪೂರ್ತಿ ಮೇಲೆ ಬಂದ ಸ್ಥಿತಿಯಲ್ಲೇ ಅಳೆಯಬೇಕು. ಇಲ್ಲದಿದ್ದರೆ ಮೊದಲ ಹಳ್ಳದಲ್ಲೇ ಗೇರು ಬದಲಿಸುವ ಡಿರೇಲರ್ ಕಿತ್ತು ಬರುತ್ತದೆ.

7. ಲಿವರೇಜ್ ಅನುಪಾತ, ಅದರ ವರ್ಗ

ಗಾಲಿ 100 ಮಿ.ಮೀ. ಏರಿದಾಗ ಶಾಕ್ 40 ಮಿ.ಮೀ. ಒಳಸರಿದರೆ ಅನುಪಾತ 2.5. ಗಾಲಿಯ ಮೇಲಿನ 45 ಕೆ.ಜಿ. ಶಾಕಿನ ಮೇಲೆ 2.5 ಪಟ್ಟಾಗಿ 112.5 ಕೆ.ಜಿ. ಆಗುತ್ತದೆ. ಸವಾರ ಸುಮ್ಮನೆ ಕೂತಾಗ ಶಾಕ್ ತನ್ನ ಓಟದ ಕಾಲುಭಾಗ ಇಳಿದಿರಬೇಕು. ಗಾಲಿ ಗುಂಡಿಯೊಳಗೆ ಇಳಿಯಲು ಅಷ್ಟು ಜಾಗ ಬೇಕೇ ಬೇಕು. ಕಾಲುಭಾಗ ಎಂದರೆ 10 ಮಿ.ಮೀ. ಆದ್ದರಿಂದ ಸ್ಪ್ರಿಂಗಿನ ಬಿಗಿ ಮಿಲಿಮೀಟರಿಗೆ 11.25 ಕೆ.ಜಿ. ಇರಬೇಕು.

ಸೈಕಲ್ ಸ್ಪ್ರಿಂಗುಗಳ ಮೇಲೆ 550, 650, 750 ಎಂದು ಬರೆದಿರುತ್ತದೆ. ಅದು ಒಂದು ಇಂಚು ಒತ್ತಲು ಬೇಕಾದ ಪೌಂಡುಗಳ ಲೆಕ್ಕ. ನಮ್ಮ ಅಂಕಿಯನ್ನು 56ರಿಂದ ಗುಣಿಸಿದರೆ 630 ಬರುತ್ತದೆ. ಹಾಗಾದರೆ 650ರ ಸ್ಪ್ರಿಂಗ್ ಈ ಸವಾರನಿಗೆ ಸರಿ. 750 ಹಾಕಿದರೆ 8.4 ಮಿ.ಮೀ. ಮಾತ್ರ ಇಳಿಯುತ್ತದೆ, ಸೈಕಲ್ ಸ್ಪರ್ಧೆಗೆ ನಡೆದೀತು, ಚಕ್ಕಡಿ ದಾರಿಗೆ ಬಿರುಸು.

ಇಲ್ಲಿ ಬಹಳ ಜನ ಎಡವುವ ಜಾಗ ಯಾವುದೆಂದರೆ, ಅನುಪಾತ 2.5ರಿಂದ 3 ಆದರೆ ಸ್ಪ್ರಿಂಗ್ ಐದನೇ ಒಂದು ಪಾಲು ಬಿಗಿಯಾದರೆ ಸಾಕು ಎಂದುಕೊಳ್ಳುತ್ತಾರೆ. ಭಾರವೂ ಹೆಚ್ಚುತ್ತದೆ, ಶಾಕಿನ ಓಟವೂ ಕಡಿಮೆಯಾಗುತ್ತದೆ, ಹಾಗಾಗಿ ಲೆಕ್ಕ ವರ್ಗದಲ್ಲಿ ಏರುತ್ತದೆ. 1.2ರ ವರ್ಗ 1.44. ಸ್ಪ್ರಿಂಗ್ 630ರಿಂದ 907ಕ್ಕೆ ಹೋಗುತ್ತದೆ. ಶಾಕಿನ ಬೋಲ್ಟು, ಅದನ್ನು ಹಿಡಿದ ತಗಡು, ಬೆಸುಗೆ ಎಲ್ಲದರ ಮೇಲೂ ಹೊರೆ ಬೀಳುತ್ತದೆ. ಅನುಪಾತವನ್ನು 2.5ರ ಸುತ್ತ ಇಟ್ಟುಕೊಳ್ಳುವುದು ಹಳ್ಳಿಯ ವರ್ಕ್‌ಶಾಪಿಗೆ ಕ್ಷೇಮ.

ಗಾಲಿ ಏರುತ್ತ ಹೋದಂತೆ ಅನುಪಾತ ತುಸು ಇಳಿಯುವಂತೆ, 2.7ರಿಂದ 2.3ರವರೆಗೆ, ಶಾಕ್ ಕೂರಿಸಿದರೆ ದೊಡ್ಡ ಪೆಟ್ಟಿನಲ್ಲಿ ತಳ ಬಡಿಯುವುದು ತಪ್ಪುತ್ತದೆ. ಕಾಯಿಲ್ ಸ್ಪ್ರಿಂಗಿಗೆ ಇದು ಮುಖ್ಯ. ಗಾಳಿ ಶಾಕಿನಲ್ಲಿ ಗಾಳಿಯೇ ಕೊನೆಯಲ್ಲಿ ಬಿಗಿಯಾಗುವುದರಿಂದ ಅಷ್ಟು ತಲೆಕೆಡಿಸಿಕೊಳ್ಳಬೇಕಿಲ್ಲ.

8. ಡ್ಯಾಂಪರ್ ಇಲ್ಲದ ಸ್ಪ್ರಿಂಗ್ ಕೊಳ್ಳಬೇಡಿ

ಅಗ್ಗದ ಸೈಕಲ್ಲುಗಳ ಶಾಕಿನಲ್ಲಿ ಹೊರಗೆ ಬಣ್ಣದ ಸ್ಪ್ರಿಂಗ್ ಇರುತ್ತದೆ, ಒಳಗೆ ಎಣ್ಣೆಯೇ ಇರುವುದಿಲ್ಲ. ಸ್ಪ್ರಿಂಗ್ ಪೆಟ್ಟನ್ನು ನುಂಗುತ್ತದೆ, ಆದರೆ ನುಂಗಿದ್ದನ್ನೆಲ್ಲ ಹಿಂದಕ್ಕೆ ಕೊಡುತ್ತದೆ. ಆ ಶಕ್ತಿಯನ್ನು ಎಣ್ಣೆ ಸಣ್ಣ ತೂತುಗಳಲ್ಲಿ ಹಾಯ್ದು ಶಾಖವಾಗಿ ಕಳೆಯಬೇಕು. ಡ್ಯಾಂಪರ್ ಎಂದರೆ ಇದೇ. ಪ್ರಾಜೆಕ್ಟಿನ ಹಣದಲ್ಲಿ ದೊಡ್ಡ ಪಾಲು ಶಾಕಿಗೇ ಹೋಗಲಿ, ಬಣ್ಣಕ್ಕೆ, ಸ್ಟಿಕ್ಕರಿಗೆ ಬೇಡ. ಬಳಸಿದ ಶಾಕ್ ಸಿಕ್ಕರೂ ಸರಿ. ಕೊಳ್ಳುವ ಮುನ್ನ ಕೈಯಿಂದ ಒತ್ತಿ ಬಿಡಿ. ಟಪ್ಪೆಂದು ಹಾರಿದರೆ ಒಳಗೆ ಏನೂ ಇಲ್ಲ, ತಡೆದು ತಡೆದು ಮೇಲೆ ಬಂದರೆ ಎಣ್ಣೆ ಇದೆ.

ಪರೀಕ್ಷೆ ಸುಲಭ. ಗೇಣಿಗಿಂತ ಕಡಿಮೆ ಎತ್ತರದ ಕಟ್ಟೆಯಿಂದ ಕೂತುಕೊಂಡೇ ಸೈಕಲ್ ಇಳಿಸಿ. ಹಿಂಬದಿ ಕುಸಿದು, ಮೇಲೆ ಬಂದು, ಒಮ್ಮೆ ತುಸು ಮೀರಿ ನಿಲ್ಲಬೇಕು. ಎರಡು ಮೂರು ಸಲ ತೂಗಿದರೆ ಡ್ಯಾಂಪಿಂಗ್ ಕಡಿಮೆ. ಗಾಳಿ ಶಾಕ್ ಬಳಸುವವರು ಬೇಸಿಗೆಯಲ್ಲಿ ಒತ್ತಡವನ್ನು ಮತ್ತೆ ಮತ್ತೆ ನೋಡಬೇಕು. 40 ಡಿಗ್ರಿ ದಾಟುವ ನಮ್ಮ ಏಪ್ರಿಲ್ ಮಧ್ಯಾಹ್ನಕ್ಕೂ ಬೆಳಗಿನ ತಂಪಿಗೂ ಗಾಳಿಯ ಒತ್ತಡ ಒಂದೇ ಇರುವುದಿಲ್ಲ.

9. ರಟ್ಟು ಮತ್ತು ಟಾಚಣಿ

ಪೈಪು ಕತ್ತರಿಸುವ ಮುನ್ನ ಪೂರ್ಣ ಅಳತೆಯಲ್ಲಿ ರಟ್ಟಿನ ಮಾದರಿ ಮಾಡಿ ಗೋಡೆಗೆ ಟಾಚಣಿಯಿಂದ ಚುಚ್ಚಿ. ಸ್ವಿಂಗ್ ಆರ್ಮನ್ನು 10 ಮಿ.ಮೀ.ಗೊಂದು ಹೆಜ್ಜೆಯಂತೆ ಎತ್ತುತ್ತ ಶಾಕಿನ ಉದ್ದ ಬರೆಯುತ್ತ ಹೋಗಿ. ಟೈರು ಸೀಟ್ ಟ್ಯೂಬಿಗೆ ತಗಲುತ್ತದೆಯೇ ಎಂಬುದೂ ಗೊತ್ತಾಗುತ್ತದೆ. ಆಮೇಲೆ ಜಿಯೋಜೀಬ್ರಾ, ಫ್ರೀಕ್ಯಾಡ್‌ನಂಥ ಉಚಿತ ತಂತ್ರಾಂಶದಲ್ಲಿ ಅದನ್ನೇ ಮಾಡಿ ತಾಳೆ ನೋಡಿ. ಎರಡರ ಅಂಕಿ ಕೂಡದಿದ್ದರೆ ಮುಂದೆ ಹೋಗಬೇಡಿ.

10. ನಮ್ಮ ಊರಿನಲ್ಲಿ ಸಿಗುವ ಬೇರಿಂಗನ್ನೇ ಹಾಕಿ

ವಿದೇಶಿ ಸೈಕಲ್ಲುಗಳ ಪಿವಟ್ಟಿನಲ್ಲಿ 6902 ಎಂಬ ತೆಳು ಬೇರಿಂಗ್ ಸಾಮಾನ್ಯ: ಒಳವ್ಯಾಸ 15, ಹೊರವ್ಯಾಸ 28, ದಪ್ಪ 7 ಮಿ.ಮೀ. ಮೋಟಾರ್ ಸೈಕಲ್ ಬಿಡಿಭಾಗದ ಅಂಗಡಿಗೆ ಹೋದರೆ ನಿಮಗೆ ಸುಲಭವಾಗಿ ಸಿಗುವುದು 6001 ಅಥವಾ 6201. 6001ರ ಹೊರವ್ಯಾಸವೂ 28, ಒಳವ್ಯಾಸ 12, ದಪ್ಪ 8. ಅದಕ್ಕೇ ಮನೆ ಕೊರೆಸಿ. ಎರಡೂ ಕಡೆ ರಬ್ಬರ್ ಸೀಲ್ ಇರುವುದನ್ನೇ ಕೇಳಿ ತನ್ನಿ.

ಪಿವಟ್ ಬೇರಿಂಗಿಗೆ ಒಂದು ವಿಶೇಷ ಕಷ್ಟವಿದೆ. 435 ಮಿ.ಮೀ. ಉದ್ದದ ಆರ್ಮ್ 100 ಮಿ.ಮೀ. ಏರಿದರೆ ತಿರುಗುವುದು ಬರೀ 13 ಡಿಗ್ರಿ. ಗುಂಡುಗಳು ಪೂರ್ತಿ ಸುತ್ತುವುದೇ ಇಲ್ಲ, ಅದೇ ಜಾಗದಲ್ಲಿ ಆಡುತ್ತ ಅಲ್ಲೇ ತಗ್ಗು ಬೀಳಿಸುತ್ತವೆ. ಅದಕ್ಕೇ ಗ್ರೀಸು ತುಂಬಾ ಇರಲಿ, ಆರು ತಿಂಗಳಿಗೊಮ್ಮೆ ಬೇರಿಂಗನ್ನು ಕಾಲುಸುತ್ತು ತಿರುಗಿಸಿ ಕೂರಿಸಿ. ಬೋರ್‌ವೆಲ್ ಮೋಟಾರು ರಿಪೇರಿ ಮಾಡುವ ಲೇಥ್ ಅಂಗಡಿಗಳಲ್ಲಿ ಗನ್‌ಮೆಟಲ್ ಬುಶ್ ಚೆನ್ನಾಗಿ ತೆಗೆದುಕೊಡುತ್ತಾರೆ. ಅದೂ ಒಳ್ಳೆಯ ದಾರಿಯೇ, ಗ್ರೀಸ್ ನಿಪ್ಪಲ್ ಒಂದು ಇಡಿಸಿಬಿಟ್ಟರೆ. ಘರ್ಷಣೆ ಸ್ವಲ್ಪ ಹೆಚ್ಚು, ಬಾಳಿಕೆಯೂ ಹೆಚ್ಚು.

ಎರಡು ಬೇರಿಂಗುಗಳ ನಡುವೆ ಆದಷ್ಟು ಅಂತರ ಬಿಡಿ. ಹತ್ತಿರ ಹತ್ತಿರ ಕೂರಿಸಿದರೆ ಹಿಂದಿನ ಗಾಲಿ ಅಡ್ಡಡ್ಡ ಒಲೆಯುತ್ತದೆ.

11. ಉಕ್ಕನ್ನೇ ಬಳಸಿ, ಜಿಗ್ ಕಟ್ಟದೆ ಬೆಸುಗೆ ಹಾಕಬೇಡಿ

ಅಲ್ಯುಮಿನಿಯಂ ಹಗುರ ಎನ್ನುವುದು ನಿಜ. ಆದರೆ ಸೈಕಲ್ ಫ್ರೇಮಿಗೆ ಬಳಸುವ 6061 ಅಲ್ಯುಮಿನಿಯಂ ಬೆಸುಗೆಯ ಬಿಸಿಗೆ ತನ್ನ ಬಲದ ದೊಡ್ಡ ಪಾಲನ್ನು ಕಳೆದುಕೊಳ್ಳುತ್ತದೆ. ಮತ್ತೆ ಕಾಯಿಸಿ, ತಣಿಸಿ ಹದ ಮಾಡುವ ದೊಡ್ಡ ಕುಲುಮೆ ಇಲ್ಲದೆ ಅದು ಮರಳಿ ಬರುವುದಿಲ್ಲ. ಉಕ್ಕಿನ ಪೈಪು ಹಾಗಲ್ಲ. 4130 ಕ್ರೋಮೋಲಿ ಸಿಕ್ಕರೆ ಉತ್ತಮ, ಸಿಗದಿದ್ದರೆ ಒಳ್ಳೆಯ ಸೀಮ್‌ಲೆಸ್ ಪೈಪು. ಗ್ರಿಲ್ ಮಾಡುವ ಆರ್ಕ್ ವೆಲ್ಡಿಂಗ್‌ನಲ್ಲಿ ತೆಳು ಪೈಪು ತೂತು ಬೀಳುತ್ತದೆ. ಟಿಗ್ ಇರುವ ಕಡೆ ಹೋಗಿ, ಅಥವಾ ಗ್ಯಾಸಿನ ಹಿತ್ತಾಳೆ ಬೆಸುಗೆ ಹಾಕಿಸಿ.

ದಪ್ಪ ಕಬ್ಬಿಣದ ಹಲಗೆಯ ಮೇಲೆ ಪಿವಟ್, ಆಕ್ಸೆಲ್ ಎರಡನ್ನೂ ಬೋಲ್ಟಿನಿಂದ ಬಿಗಿದು ಜಿಗ್ ಮಾಡಿಕೊಂಡೇ ಬೆಸುಗೆ ಶುರು ಮಾಡಬೇಕು. ಒಂದು ಬದಿಗೆ ಒಂದು ಅಂಗುಲ ಹಾಕಿದರೆ ಇನ್ನೊಂದು ಬದಿಗೆ ಒಂದು ಅಂಗುಲ. ಒಂದೇ ಬದಿ ಮುಗಿಸಿದರೆ ಆರ್ಮ್ ಸೊಟ್ಟಗಾಗುವುದು ಖಂಡಿತ. ಆದ ಮೇಲೆ ಹೆಡ್ ಟ್ಯೂಬಿನಿಂದ ಹಿಂದಿನ ಆಕ್ಸೆಲಿನ ಎರಡೂ ಬದಿಗೆ ದಾರ ಎಳೆದು ಸೀಟ್ ಟ್ಯೂಬಿನ ಹತ್ತಿರ ಅಂತರ ನೋಡಿ, ಎರಡೂ ಕಡೆ ಸಮ ಬರಬೇಕು.

ಶಾಕ್ ಕೂರುವ ಬ್ರಾಕೆಟ್ಟಿನ ಬಗ್ಗೆ ಎರಡು ಮಾತು. ಸುಮ್ಮನೆ ಕೂತಾಗ ಅಲ್ಲಿ 112.5 ಕೆ.ಜಿ. ಎಂದು ಕಂಡೆವು. ಒಡ್ಡಿನಿಂದ ಧುಮುಕಿ ಮೂರು ಪಟ್ಟು ಭಾರ ಬಿತ್ತೆಂದರೆ 337.5 ಕೆ.ಜಿ. ಒಂದು ತೆಳು ಟ್ಯೂಬಿನ ಮಧ್ಯದಲ್ಲಿ ಅಷ್ಟು ಹೊರೆ ಚುಚ್ಚಿದರೆ ಬಿರುಕು ಬರದೆ ಇರದು. ಎರಡು ಟ್ಯೂಬು ಸೇರುವ ಮೂಲೆಯ ಹತ್ತಿರ ಬ್ರಾಕೆಟ್ ಇಡಿ, ಅಡಿಯಲ್ಲಿ ಪಟ್ಟಿ ಕೊಡಿ. ಐಎಸ್‌ಒ 4210 ಮಾನದಂಡದಂತೆ ಫ್ರೇಮಿನ ಪೆಡಲ್ ಪರೀಕ್ಷೆಯನ್ನು 1 ಲಕ್ಷ ಸುತ್ತು ನಡೆಸುತ್ತಾರೆ. ನಮ್ಮ ಕಾಲೇಜುಗಳಲ್ಲಿ ಆ ಯಂತ್ರ ಇರಲಿಕ್ಕಿಲ್ಲ, ಆದರೆ ಪ್ರತಿ ವಾರ ಬಟ್ಟೆಯಿಂದ ಒರೆಸಿ ಬೆಸುಗೆಯ ಅಂಚನ್ನು ಟಾರ್ಚ್ ಹಿಡಿದು ನೋಡಲು ಯಂತ್ರ ಬೇಕಿಲ್ಲ. ಕೂದಲೆಳೆಯ ಗೆರೆ ಕಂಡರೂ ಸೈಕಲ್ ಹತ್ತಬೇಡಿ.

12. ಎರೆಮಣ್ಣಿಗೆ ಜಾಗ ಬಿಡಿ

ಮಳೆ ಬಿದ್ದ ಎರೆಹೊಲದಲ್ಲಿ ನೂರು ಹೆಜ್ಜೆ ಸೈಕಲ್ ತಳ್ಳಿದವರಿಗೆ ಇದನ್ನು ವಿವರಿಸಬೇಕಿಲ್ಲ. ಮಣ್ಣು ಟೈರಿಗೆ ಮೆತ್ತುತ್ತ ಮೆತ್ತುತ್ತ ಗಾಲಿಯೇ ತಿರುಗದಾಗುತ್ತದೆ. ಟೈರಿಗೂ ಸ್ವಿಂಗ್ ಆರ್ಮಿಗೂ ನಡುವೆ ಪ್ರತಿ ಬದಿ 15ರಿಂದ 20 ಮಿ.ಮೀ. ಬಿಡಿ. ಟೈರಿನ ಮುಂದೆ ಚಪ್ಪಟೆ ಅಡ್ಡಪಟ್ಟಿ ಬೇಡ, ಮಣ್ಣು ಅದರ ಮೇಲೇ ಕೂರುತ್ತದೆ. ಅಡ್ಡಕ್ಕೆ ದುಂಡು ಪೈಪು ಹಾಕಿದರೆ ಜಾರಿ ಬೀಳುತ್ತದೆ. ಶಾಕಿನ ಹೊಳೆಯುವ ದಂಡಕ್ಕೆ ಹಳೆಯ ಟ್ಯೂಬ್ ಕತ್ತರಿಸಿ ಪರದೆ ಕಟ್ಟಿ.

13. ಬ್ರೇಕು

ಒಂದೇ ಪಿವಟ್ಟಿನ ಸೈಕಲ್ಲಿನಲ್ಲಿ ಬ್ರೇಕು ಸ್ವಿಂಗ್ ಆರ್ಮಿನ ಮೇಲೇ ಇರುತ್ತದೆ. ಹಿಂದಿನ ಬ್ರೇಕ್ ಹಿಡಿದಾಗ ಹಿಂಬದಿ ತುಸು ತಗ್ಗುತ್ತದೆ, ಸಸ್ಪೆನ್ಷನ್ ಸ್ವಲ್ಪ ಬಿಗಿಯಾದಂತೆ ಅನಿಸುತ್ತದೆ. ನಮ್ಮ ಇಳಿಜಾರುಗಳಿಗೆ ಇದು ದೊಡ್ಡ ದೋಷವಲ್ಲ.

14. ಶಾಕಿನ ಜಾಗದಲ್ಲಿ ಸಲಾಕೆ ಹಾಕಿ ಹೋಲಿಸಿ

ಸಸ್ಪೆನ್ಷನ್ ಚೆನ್ನಾಗಿದೆ ಎಂದು ಹೇಳುವವರು ಯಾವುದಕ್ಕಿಂತ ಚೆನ್ನಾಗಿದೆ ಎಂದು ತೋರಿಸಬೇಕು. ಸವಾರ ಕೂತಾಗ ಶಾಕ್ ಎಷ್ಟು ಉದ್ದ ಇರುತ್ತದೋ ಅಷ್ಟಕ್ಕೇ ಕತ್ತರಿಸಿದ ಕಬ್ಬಿಣದ ಸಲಾಕೆಯೊಂದನ್ನು ಮಾಡಿಟ್ಟುಕೊಳ್ಳಿ. ಶಾಕ್ ತೆಗೆದು ಅದನ್ನು ಬಿಗಿದರೆ ಅದೇ ಸೈಕಲ್ ಹಿಂಬದಿ ಆಡದ ಸೈಕಲ್ ಆಗುತ್ತದೆ. ಒಬ್ಬನೇ ಸವಾರ, ಅದೇ ಟೈರು, ಅದೇ ಗಾಳಿ, ಅದೇ ಎರಡು ಕಿಲೋಮೀಟರ್ ದಾರಿ. ಒಂದು ಡಾಂಬರು ಏರು, ಒಂದು ಗರಸು, ಒಂದು ಚಕ್ಕಡಿ ಜಾಡು ಅದರಲ್ಲಿರಲಿ. ಸಲಾಕೆ ಹಾಕಿ ಐದು ಸಲ, ಶಾಕ್ ಹಾಕಿ ಐದು ಸಲ, ಒಂದು ಬಿಟ್ಟು ಒಂದು ಓಡಿಸಿ ಮೂರೂ ಭಾಗಗಳ ಸಮಯ ಬೇರೆ ಬೇರೆ ಬರೆಯಿರಿ. ಮೊದಲು ಒಂದರ ಐದನ್ನೂ ಮುಗಿಸಿದರೆ ದಣಿವಿನ ಲೆಕ್ಕ ನುಸುಳುತ್ತದೆ.

ಡಾಂಬರು ಏರಿನಲ್ಲಿ ಶಾಕ್ ಹಾಕಿದ್ದು ಅಷ್ಟಿಷ್ಟು ಹಿಂದೆ ಬಿದ್ದು, ಗರಸು ಮತ್ತು ಜಾಡಿನಲ್ಲಿ ಅದಕ್ಕಿಂತ ಹೆಚ್ಚು ಮುಂದೆ ಬಂದರೆ ವಿನ್ಯಾಸ ಗೆದ್ದಿದೆ. ಏರಿನಲ್ಲೇ ಬಹಳ ಸೋತರೆ 5ನೆಯ ಸೂತ್ರಕ್ಕೆ ಮರಳಿ. ಮೊಬೈಲಿನಲ್ಲಿ ಸ್ಲೋ ಮೋಷನ್ ವಿಡಿಯೊ ತೆಗೆದರೆ ಪ್ರತಿ ತುಳಿತಕ್ಕೆ ಶಾಕ್ ಎಷ್ಟು ಆಡಿತು ಎಂಬುದು ಪಕ್ಕಕ್ಕೆ ಅಂಟಿಸಿದ ಸ್ಕೇಲಿನ ಮೇಲೆ ನೇರ ಕಾಣುತ್ತದೆ. ಹಿಂದಿನ ಸಸ್ಪೆನ್ಷನ್ ಬರೀ ಸುಖಕ್ಕಷ್ಟೇ ಎಂಬ ಮಾತು ಈಗ ಹಳತಾಯಿತು. 2016ರ ರಿಯೋ ಒಲಿಂಪಿಕ್ಸಿನಲ್ಲಿ ಸ್ವಿಟ್ಜರ್‌ಲೆಂಡಿನ ನಿನೊ ಶೂರ್ಟರ್ ಕ್ರಾಸ್ ಕಂಟ್ರಿ ಚಿನ್ನ ಗೆದ್ದದ್ದು ಮುಂದೆ ಹಿಂದೆ ಎರಡೂ ಕಡೆ ಸಸ್ಪೆನ್ಷನ್ ಇದ್ದ ಸೈಕಲ್ ಮೇಲೆ.

ಹಣದ ಪ್ರಶ್ನೆ ಬರುತ್ತದೆ. ಬೆಂಗಳೂರಿನ ಐಐಎಸ್‌ಸಿ ಆವರಣದಲ್ಲಿರುವ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಪ್ರಾಜೆಕ್ಟುಗಳನ್ನು ಆರಿಸಿ ನೆರವು ಕೊಡುತ್ತದೆ. ಸ್ವಿಂಗ್ ಆರ್ಮಿನ ಲೆಕ್ಕ, ಅಳೆದ ದಾರಿಯ ಪಟ್ಟಿ, ರಟ್ಟಿನ ಮಾದರಿಯ ಫೋಟೊ ಇಟ್ಟು ಅರ್ಜಿ ಹಾಕಿ. ಓಡಿಸಿ ನೋಡುವವರನ್ನು ಹುಡುಕಿಕೊಂಡೂ ದೂರ ಹೋಗಬೇಕಿಲ್ಲ. 2022ರಲ್ಲಿ ರಾಷ್ಟ್ರೀಯ ಮೌಂಟೇನ್ ಬೈಕ್ ಚಾಂಪಿಯನ್‌ಷಿಪ್ ನಡೆದದ್ದು ಗದಗದಲ್ಲಿ. ಅಂಥ ಸ್ಪರ್ಧೆಗೆ ತಯಾರಾಗುವ ಹುಡುಗರು ವಿಜಯಪುರದಲ್ಲೇ ದಿನ ಬೆಳಗಾದರೆ ತುಳಿಯುತ್ತಿರುತ್ತಾರೆ. ಕೋಚ್‌ಗಳ ಒಪ್ಪಿಗೆ ಪಡೆದು ನಿಮ್ಮ ಸೈಕಲ್ ಅವರ ಕೈಗೆ ಕೊಡಿ, ಅವರು ಹೇಳಿದ್ದನ್ನು ಇದ್ದ ಹಾಗೇ ಬರೆದುಕೊಳ್ಳಿ.

ಐಟಿಐ, ಪಾಲಿಟೆಕ್ನಿಕ್ ಮೇಷ್ಟ್ರುಗಳಲ್ಲಿ ಒಂದು ವಿನಂತಿ. ಶನಿವಾರ ಮಧ್ಯಾಹ್ನ ವರ್ಕ್‌ಶಾಪಿಗೆ ಬೀಗ ಹಾಕಬೇಡಿ. ನಾಲ್ಕು ತಾಲ್ಲೂಕಿನ ನಾಲ್ಕು ತಂಡಗಳು ತಮ್ಮ ಡ್ರಾಯಿಂಗು, ಅಳತೆ, ಮುರಿದ ಭಾಗಗಳ ಫೋಟೊ ಸಹಿತ ಒಂದು ನೋಟ್‌ಬುಕ್ಕನ್ನು ಕನ್ನಡದಲ್ಲಿ ಬರೆದು ಲೈಬ್ರರಿಯಲ್ಲಿ ಇಡುವಂತೆ ಮಾಡಿ. ಮುಂದಿನ ವರ್ಷದ ಬ್ಯಾಚಿನವರು ಮೊದಲ ದಿನವೇ ಅದನ್ನು ಕೈಗೆತ್ತಿಕೊಳ್ಳಲಿ.